ಹಳೆಯ ನಕ್ಷೆ, ರಾಜಕೀಯ ದಾಖಲೆಗಳ ಸಂಗ್ರಹವನ್ನು ಪತ್ರಾಗಾರಕ್ಕೆ ದಾನ ಕೊಡುವುದು ಹೇಗೆ?

ಜೀವನವಿಡೀ ಹಳೆಯ ನಕ್ಷೆ, ಕರಪತ್ರ, ಒಪ್ಪಂದದ ಪ್ರತಿ, ಚುನಾವಣಾ ಪ್ರಣಾಳಿಕೆಗಳನ್ನು ಕೂಡಿಹಾಕಿದವರು ಒಂದಲ್ಲ ಒಂದು ದಿನ ಇದನ್ನೆಲ್ಲ ಯಾರ ಕೈಗೆ ಒಪ್ಪಿಸಬೇಕು ಎಂದು ಯೋಚಿಸಲೇಬೇಕಾಗುತ್ತದೆ. ಅವರು ಯೋಚಿಸದಿದ್ದರೆ ಮಕ್ಕಳು ಯೋಚಿಸಬೇಕಾಗುತ್ತದೆ, ಮಕ್ಕಳ ಕಾಲಕ್ಕೆ ಆ ಪ್ರಶ್ನೆ ಹಳೇ ಪೇಪರಿನವನ ತಕ್ಕಡಿಯಲ್ಲಿ ಇತ್ಯರ್ಥವಾಗುವುದೇ ಹೆಚ್ಚು. ಈ ಲೇಖನ ಅಂಥ ಸಂಗ್ರಾಹಕರಿಗೂ, ಅವರು ತೀರಿಕೊಂಡ ಮೇಲೆ ಟ್ರಂಕುಗಳ ಮುಂದೆ ಏನು ಮಾಡಬೇಕೆಂದು ತಿಳಿಯದೆ ನಿಂತ ಮನೆಯವರಿಗೂ ಉಪಯೋಗವಾಗಲೆಂದು ಬರೆದದ್ದು.

ದಾನವೆಂದರೆ ಕಾಗದಗಳನ್ನು ಗಾಡಿಗೆ ಹೇರಿ ಗ್ರಂಥಾಲಯದ ಬಾಗಿಲಲ್ಲಿ ಇಳಿಸುವುದು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಯಾವ ನಕ್ಷೆ ಯಾವ ಕರಪತ್ರದ ಜೊತೆ ಸಿಕ್ಕಿತು, ಯಾವುದನ್ನು ಯಾಕೆ ಕೊಂಡದ್ದು, ಯಾರ ಮನೆಯಿಂದ ಬಂದದ್ದು ಎಂಬ ತಿಳಿವಳಿಕೆ ಇರುವುದು ಸಂಗ್ರಾಹಕರ ತಲೆಯಲ್ಲಿ. ಅದನ್ನು ಬರೆದು ಕೊಡದೆ ಕಾಗದವನ್ನು ಮಾತ್ರ ಕೊಟ್ಟರೆ ಸಂಸ್ಥೆಗೆ ಸೇರುವುದು ಸಂಗ್ರಹದ ಅರ್ಧ ಭಾಗ ಮಾತ್ರ. ಮುಂದೆ ಹೇಳುವ ಹಂತಗಳೆಲ್ಲ ಆ ಇನ್ನರ್ಧವನ್ನೂ ಉಳಿಸಿಕೊಳ್ಳುವ ಉಪಾಯಗಳು.

ಇದನ್ನು ಸರಿಯಾಗಿ ಮಾಡಿದವರ ಒಂದು ಉದಾಹರಣೆ ಅಮೆರಿಕದಲ್ಲಿದೆ. ವಕೀಲರಾಗಿದ್ದ ಪಿ. ಜೆ. ಮೋಡ್ ಅವರು 1980ರಿಂದ ಒಂದು ವಿಶಿಷ್ಟ ಬಗೆಯ ನಕ್ಷೆಗಳನ್ನು ಕೂಡಿಸುತ್ತ ಬಂದರು. ಅವು ದಾರಿ ತೋರಿಸುವ ನಕ್ಷೆಗಳಲ್ಲ, ಜನರ ಅಭಿಪ್ರಾಯವನ್ನು ಒಂದು ಕಡೆಗೆ ವಾಲಿಸುವ ಸಲುವಾಗಿಯೇ ಬರೆದವು. ಲಂಡನ್ನಿನಲ್ಲಿ ಫ್ರೆಡ್ ರೋಸ್ 1877ರಲ್ಲಿ ಬರೆದ ಯುರೋಪಿನ ನಕ್ಷೆ ಅಂಥದ್ದು. ಅದರಲ್ಲಿ ರಷ್ಯಾ ಒಂದು ದೊಡ್ಡ ಅಷ್ಟಪದಿಯಾಗಿ (ಆಕ್ಟೋಪಸ್) ಕುಳಿತು ತನ್ನ ಬಾಹುಗಳನ್ನು ಪೋಲೆಂಡ್, ತುರ್ಕಿ, ಪರ್ಷಿಯಾಗಳ ಮೇಲೆ ಚಾಚಿದೆ. ರಷ್ಯಾ–ತುರ್ಕಿ ಯುದ್ಧ ನಡೆಯುತ್ತಿದ್ದ ವರ್ಷವದು ಎಂದು ತಿಳಿದವರಿಗೆ ಆ ಚಿತ್ರದ ಉದ್ದೇಶ ಹೊಳೆಯುತ್ತದೆ, ತಿಳಿಯದವರಿಗೆ ಅದು ಬರೀ ತಮಾಷೆಯ ಚಿತ್ರವಾಗಿ ಕಾಣುತ್ತದೆ. ಮೋಡ್ ಅವರು 2014ರಲ್ಲಿ ಸಂಗ್ರಹವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟಾಗ ನಕ್ಷೆಗಳ ಬಗ್ಗೆ ತಾವೇ ಬರೆದ ಟಿಪ್ಪಣಿಗಳನ್ನೂ ಸೇರಿಸಿದರು. ಇಂದು ಅಲ್ಲಿನ ಅಂತರ್ಜಾಲ ಸೂಚಿಯಲ್ಲಿ ಶೀರ್ಷಿಕೆ, ವರ್ಷ, ಅಳತೆಗಳ ಪಕ್ಕದಲ್ಲಿ ಸಂಗ್ರಾಹಕರ ಟಿಪ್ಪಣಿ ಎಂಬ ಪ್ರತ್ಯೇಕ ಕಲಮೇ ಇದೆ. ಓದುವವರಿಗೆ ಹೆಚ್ಚು ಪ್ರಯೋಜನವಾಗುವುದು ಆ ಕಲಮಿನಿಂದಲೇ ಎಂಬುದು ನನ್ನ ಅಭಿಪ್ರಾಯ.

ಕದಲಿಸುವ ಮೊದಲು

ಸಂಗ್ರಹ ಎಲ್ಲಿ, ಹೇಗೆ ಇದೆಯೋ ಹಾಗೆಯೇ ಅದರ ಫೋಟೋ ತೆಗೆಯುವುದು ಮೊದಲ ಕೆಲಸ. ಬೀರುವಿನ ಒಂದೊಂದು ಅರೆ, ಅಟ್ಟದ ಮೇಲಿನ ಸುರುಳಿಗಳ ಕಟ್ಟು, ಟ್ರಂಕಿನ ಒಳಗಿನ ಪದರಗಳು, ಕಡತದ ಬೆನ್ನ ಮೇಲಿನ ಬರಹ, ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿಟ್ಟು, ಬೀರು 1 ಅರೆ 3, ಟ್ರಂಕು 2 ಎಂಬಂತೆ ಗುರುತು ಕೊಟ್ಟು, ಅದೇ ಗುರುತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.

ಇಲ್ಲಿ ಹಲವರು ಎಡವುತ್ತಾರೆ. ಕೊಡುವುದಾದರೆ ಅಚ್ಚುಕಟ್ಟಾಗಿ ಕೊಡೋಣ ಎಂಬ ಒಳ್ಳೆಯ ಮನಸ್ಸಿನಿಂದ ನಕ್ಷೆಗಳನ್ನೆಲ್ಲ ಒಂದು ಕಡೆ, ಪತ್ರಗಳನ್ನೆಲ್ಲ ಇನ್ನೊಂದು ಕಡೆ, ಪತ್ರಿಕೆಯ ತುಣುಕುಗಳನ್ನೆಲ್ಲ ಮತ್ತೊಂದು ಕಡೆ ಜೋಡಿಸಿಬಿಡುತ್ತಾರೆ. ಕರ್ನಾಟಕ ಏಕೀಕರಣದ ಕಾಲದ ಒಂದು ಕಟ್ಟನ್ನು ಊಹಿಸಿಕೊಳ್ಳಿ. ಅದರಲ್ಲಿ 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯಿಂದ ತೆಗೆದ ನಕ್ಷೆಯಿದೆ, ಅದರ ಮೇಲೆ ಯಾರೋ ಕೆಂಪು ಪೆನ್ಸಿಲಿನಲ್ಲಿ ಕಾಸರಗೋಡಿನ ಸುತ್ತ ಗೆರೆ ಎಳೆದಿದ್ದಾರೆ, ಅದರೊಳಗೆ ಮಡಿಚಿಟ್ಟ ಒಂದು ಸಭೆಯ ಕರಪತ್ರವಿದೆ, ಕರಪತ್ರದ ಹಿಂದೆ ಭಾಷಣಕ್ಕೆ ಮಾಡಿಕೊಂಡ ಟಿಪ್ಪಣಿಯಿದೆ. ಈ ಮೂರೂ ಒಟ್ಟಿಗೆ ಇರುವವರೆಗೆ, ಆ ಸಭೆಯಲ್ಲಿ ಮಾತನಾಡಿದವರು ಯಾವ ನಕ್ಷೆಯನ್ನು ಮುಂದಿಟ್ಟುಕೊಂಡಿದ್ದರು ಎಂಬುದು ಗೊತ್ತಾಗುತ್ತದೆ. ಬೇರೆ ಮಾಡಿದ ಕ್ಷಣದಲ್ಲಿ ಅದು ಸುಲಭವಾಗಿ ಬೇರೆಡೆಯೂ ಸಿಗುವ ಒಂದು ಅಚ್ಚಾದ ನಕ್ಷೆ, ಹೆಸರಿಲ್ಲದ ಒಂದು ಕರಪತ್ರ ಮತ್ತು ಅರ್ಥವಾಗದ ಒಂದು ಚೀಟಿ ಮಾತ್ರ. ಆದ್ದರಿಂದ ಸಂಗ್ರಾಹಕರು ಇಟ್ಟ ಕ್ರಮವನ್ನು, ಅದು ಎಷ್ಟೇ ಅಸ್ತವ್ಯಸ್ತವಾಗಿ ಕಂಡರೂ, ಬದಲಿಸಬಾರದು. ಪುಟದ ನಡುವೆ ಸಿಕ್ಕ ಅಂಗಡಿಯ ರಸೀದಿ, ಹರಾಜಿನ ಚೀಟಿ, ಅಂಚೆ ಲಕೋಟೆ ಯಾವುದನ್ನೂ ಎಸೆಯಬಾರದು. ವಸ್ತು ಎಲ್ಲಿಂದ ಬಂತು ಎಂಬುದಕ್ಕೆ ಮುಂದೆ ಅವೇ ಸಾಕ್ಷಿ.

ಯಾವುದು ನಿಮ್ಮದಲ್ಲ ಎಂಬುದನ್ನು ಗುರುತಿಸುವುದು

ಎರಡನೆಯ ಸುತ್ತಿನಲ್ಲಿ ಪ್ರತಿಯೊಂದು ವಸ್ತುವಿನ ಮೂಲೆ ಮತ್ತು ಹಿಂಬದಿಯನ್ನು ನೋಡಬೇಕು. ಗ್ರಂಥಾಲಯದ ಮುದ್ರೆ, ಕಚೇರಿಯ ಕಡತದ ಸಂಖ್ಯೆ, ಅಳಿಸಿದ ಮೊಹರು, ಪುಸ್ತಕದಿಂದ ಬ್ಲೇಡಿನಲ್ಲಿ ಕತ್ತರಿಸಿದಂತೆ ನೇರವಾದ ಅಂಚು ಕಂಡರೆ ಅದನ್ನು ಪ್ರತ್ಯೇಕ ಪಟ್ಟಿಗೆ ಹಾಕಿ ಸಂಸ್ಥೆಯವರಿಗೆ ಮುಂಚಿತವಾಗಿಯೇ ತಿಳಿಸಬೇಕು. ಸಂಗ್ರಾಹಕರು ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡಿದ್ದರೂ ಮಾರಿದವರು ಪ್ರಾಮಾಣಿಕರಾಗಿರಬೇಕೆಂದಿಲ್ಲ. ಅಮೆರಿಕದ ಹೆಸರಾಂತ ನಕ್ಷೆ ವ್ಯಾಪಾರಿ ಫೋರ್ಬ್ಸ್ ಸ್ಮೈಲಿ 2005ರ ಜೂನ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಕ್ಕಿಬಿದ್ದದ್ದು ಓದುವ ಕೋಣೆಯ ನೆಲದ ಮೇಲೆ ಬಿದ್ದಿದ್ದ ಒಂದು ಬ್ಲೇಡಿನಿಂದ. ಹಲವು ಗ್ರಂಥಾಲಯಗಳಿಂದ 97 ನಕ್ಷೆಗಳನ್ನು ಕದ್ದದ್ದಾಗಿ ಆತ ಮುಂದೆ ಒಪ್ಪಿಕೊಂಡ. ಅವುಗಳಲ್ಲಿ ಎಷ್ಟೋ ನಕ್ಷೆಗಳು ಅಷ್ಟರಲ್ಲಿ ಕೈಯಿಂದ ಕೈಗೆ ಮಾರಾಟವಾಗಿ, ಏನೂ ಅರಿಯದ ಸಂಗ್ರಾಹಕರ ಮನೆ ಸೇರಿದ್ದವು.

ಸರ್ಕಾರಿ ಕಡತಗಳ ವಿಷಯ ಇನ್ನೂ ಸೂಕ್ಷ್ಮ. ಹಳೆಯ ಶಾನುಭೋಗರ, ಅಮಲ್ದಾರರ, ಶಾಸಕರ ಮನೆಗಳಲ್ಲಿ ಮೂಲ ಗ್ರಾಮನಕ್ಷೆ, ಸರ್ವೆ ಟಿಪ್ಪಣಿ, ಕಚೇರಿಯ ಆದೇಶಗಳ ಮೂಲಪ್ರತಿಗಳು ಉಳಿದುಹೋಗಿರುವುದು ಅಪರೂಪವೇನಲ್ಲ. ಇವು ದಾನ ಕೊಡುವ ವಸ್ತುಗಳಲ್ಲ, ಹಿಂತಿರುಗಿಸುವ ವಸ್ತುಗಳು. ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಒಂದು ಪತ್ರ ಬರೆದು ಒಪ್ಪಿಸಿದರೆ ಕೆಲಸ ಗೌರವದಿಂದ ಮುಗಿಯುತ್ತದೆ. ಅವು ಮನೆಯಲ್ಲಿ ಉಳಿದದ್ದರಿಂದಲೇ ಎಷ್ಟೋ ಸಲ ನಾಶವಾಗದೆ ಉಳಿದಿವೆ ಎಂಬ ಮಾತೂ ನಿಜವೇ, ಅದನ್ನು ಆ ಪತ್ರದಲ್ಲಿ ಹೇಳಿಕೊಳ್ಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಪಟ್ಟಿ ಮಾಡುವುದು

ಇದು ಇಡೀ ಕೆಲಸದ ಬೆನ್ನೆಲುಬು. ನಕ್ಷೆಗಳನ್ನು ಒಂದೊಂದಾಗಿಯೂ, ಪತ್ರ ಮತ್ತು ಕರಪತ್ರಗಳನ್ನು ಕಡತ ಅಥವಾ ಕಟ್ಟಿನ ಲೆಕ್ಕದಲ್ಲಿಯೂ ಪಟ್ಟಿ ಮಾಡಿದರೆ ಸಾಕು. ಪ್ರತಿ ಕರಪತ್ರವನ್ನೂ ಬಿಡಿಯಾಗಿ ವರ್ಣಿಸಲು ಹೊರಟರೆ ಕೆಲಸ ಮುಗಿಯುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ಸಾಮಾನ್ಯ ಎಕ್ಸೆಲ್ ಹಾಳೆ ತೆರೆದು ಕ್ರಮಸಂಖ್ಯೆ, ಮೂಲದಲ್ಲಿ ಅಚ್ಚಾದಂತೆಯೇ ಶೀರ್ಷಿಕೆ, ಅಳೆದವರು, ಕೆತ್ತಿದವರು, ಪ್ರಕಾಶಕರು, ಪ್ರಕಟಣೆಯ ಊರು, ವರ್ಷ, ಅಳತೆಯ ಪ್ರಮಾಣ, ಸೆಂಟಿಮೀಟರಿನಲ್ಲಿ ಎತ್ತರ ಮತ್ತು ಅಗಲ, ಈಗಿನ ಸ್ಥಿತಿ, ಎಲ್ಲಿಂದ ಬಂದದ್ದು, ಮನೆಯಲ್ಲಿ ಎಲ್ಲಿತ್ತು ಎಂಬ ಕಲಮುಗಳನ್ನು ಮಾಡಿಕೊಳ್ಳಿ. ಶೀರ್ಷಿಕೆಯನ್ನು ತಿದ್ದಬೇಡಿ, ‘ಸೆರಿಂಗಪಟಂ’ ಎಂದಿದ್ದರೆ ಹಾಗೆಯೇ ಬರೆದು ಶ್ರೀರಂಗಪಟ್ಟಣ ಎಂಬುದನ್ನು ಪಕ್ಕದ ಕಲಮಿನಲ್ಲಿ ಕೊಡಿ. ಕ್ರಮಸಂಖ್ಯೆಯನ್ನು ವಸ್ತುವಿನ ಹಿಂಬದಿಯ ಕೆಳಮೂಲೆಯಲ್ಲಿ ಮೆತ್ತನೆಯ ಸೀಸದ ಪೆನ್ಸಿಲಿನಿಂದ ಒತ್ತದೆ ಬರೆಯಬೇಕು. ಬಾಲ್ ಪೆನ್ನು, ಸ್ಕೆಚ್ ಪೆನ್ನು, ಅಂಟು ಚೀಟಿ ಖಂಡಿತ ಬೇಡ.

ವರ್ಷ ನಮೂದಾಗಿಲ್ಲದ ವಸ್ತುಗಳೇ ರಾಜಕೀಯ ಸಂಗ್ರಹಗಳಲ್ಲಿ ಹೆಚ್ಚು. ಅವುಗಳ ಕಾಲವನ್ನು ಹತ್ತಿರ ಹತ್ತಿರವಾಗಿ ಗೊತ್ತುಪಡಿಸಲು ಕಾಗದದ ಮೇಲೆಯೇ ಸುಳಿವುಗಳಿರುತ್ತವೆ. ನಕ್ಷೆಯಲ್ಲಿ ಬಳ್ಳಾರಿ ಮದರಾಸು ರಾಜ್ಯದೊಳಗಿದ್ದರೆ ಅದು ಸಾಮಾನ್ಯವಾಗಿ 1953ರ ಅಕ್ಟೋಬರ್ 1ಕ್ಕಿಂತ ಹಿಂದಿನದು. ಬಳ್ಳಾರಿ ಮೈಸೂರಿಗೆ ಸೇರಿದ್ದು, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿಯೇ ಇದ್ದದ್ದು ಎಂದರೆ ಆ ದಿನಕ್ಕೂ 1956ರ ನವೆಂಬರ್ 1ಕ್ಕೂ ನಡುವಿನ ಮೂರು ವರ್ಷದ ನಕ್ಷೆ. ಕರಪತ್ರದಲ್ಲಿ ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಮುಂಚಿನದಾಗಿರುವ ಸಂಭವ ಹೆಚ್ಚು, ‘ನಯೇ ಪೈಸೆ’ ಎಂದಿದ್ದರೆ ಅಲ್ಲಿಂದ 1964ರವರೆಗಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು, ರಾಜ್ಯದ ಹೆಸರು ಮೈಸೂರು ಎಂದೇ ಇದ್ದರೆ ಬಹುಶಃ 1973ರ ನವೆಂಬರ್‌ಗಿಂತ ಹಿಂದಿನದು. ಇಂಥ ಎರಡು ಮೂರು ಸುಳಿವುಗಳು ಒಂದೇ ಕಡೆಗೆ ಬೆರಳು ತೋರಿಸಿದಾಗ ಮಾತ್ರ ವರ್ಷದ ಕಲಮಿನಲ್ಲಿ ‘ಸುಮಾರು’ ಎಂದು ಸೇರಿಸಿ ಬರೆಯಬೇಕು.

ಕರಪತ್ರದ ಕೆಳಗಿನ ಸಾಲನ್ನು ಯಾವಾಗಲೂ ಓದಿ. ಮುದ್ರಿಸಿದವರ ಮತ್ತು ಪ್ರಕಟಿಸಿದವರ ಹೆಸರು, ಊರುಗಳನ್ನು ಅಚ್ಚಿನಲ್ಲಿ ತೋರಿಸಬೇಕೆಂದು 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆ ಕಡ್ಡಾಯ ಮಾಡಿತ್ತು. ಆ ಸಾಲು ಇದ್ದರೆ ಮುದ್ರಣಾಲಯದ ಹೆಸರಿನಿಂದ ಊರು ಮತ್ತು ಕಾಲ ಎರಡೂ ಸಿಗುತ್ತವೆ. ಇಲ್ಲದಿದ್ದರೆ ಅದೂ ಒಂದು ಮಾಹಿತಿಯೇ: 1942ರ ಚಳವಳಿಯ ಅಥವಾ 1975–77ರ ತುರ್ತುಪರಿಸ್ಥಿತಿಯ ಗುಪ್ತ ಕರಪತ್ರಗಳಲ್ಲಿ ಮುದ್ರಕರ ಹೆಸರು ಇರುತ್ತಿರಲಿಲ್ಲ. ಸೈಕ್ಲೋಸ್ಟೈಲ್ ಮಾಡಿದ, ಅಂದರೆ ಮೇಣದ ಹಾಳೆಯಲ್ಲಿ ಕೊರೆದು ಪ್ರತಿ ತೆಗೆದ ಹಾಳೆಗಳಂತೂ ಬಹುತೇಕ ಅನಾಮಧೇಯ. ‘ಮುದ್ರಕರ ಹೆಸರಿಲ್ಲ’ ಎಂದು ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಹಳೆಯ ನಕ್ಷೆಗಳಲ್ಲಿ ಮರುಮುದ್ರಣಗಳು ಸೇರಿಕೊಂಡಿರುವುದು ಸಹಜ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದಿದ್ದರೆ ಸಾಕಷ್ಟು ತಿಳಿಯುತ್ತದೆ. ಬಣ್ಣದ ಭಾಗವು ಕನ್ನಡಿಯ ಕೆಳಗೆ ಸಾಲು ಸಾಲಾದ ಚುಕ್ಕೆಗಳಾಗಿ ಒಡೆದುಕೊಂಡರೆ ಅದು ಆಫ್‌ಸೆಟ್ ಮುದ್ರಣ, ಅಂದರೆ ಹದಿನೆಂಟನೆಯ ಶತಮಾನದ್ದಾಗಿರಲಾರದು. ತಾಮ್ರದ ತಗಡಿನಿಂದ ಅಚ್ಚಾದ ನಕ್ಷೆಗೆ ಅಂಚಿನ ಸುತ್ತ ತಗಡು ಒತ್ತಿದ ಚೌಕಟ್ಟಿನ ತಗ್ಗು ಸಾಮಾನ್ಯವಾಗಿ ಕಾಣುತ್ತದೆ, ಬೆರಳಿಗೂ ಹತ್ತುತ್ತದೆ. ಮರುಮುದ್ರಣವೆಂದು ತಿಳಿದ ಮೇಲೆ ಅದನ್ನು ಬಿಸಾಡಬೇಕಾಗಿಲ್ಲ, ಮರುಮುದ್ರಣ ಎಂದು ಬರೆದರೆ ಸಾಕು.

ಸಂಗ್ರಾಹಕರ ಟಿಪ್ಪಣಿ

ಪಟ್ಟಿ ಸಿದ್ಧವಾದ ಮೇಲೆ ಅದನ್ನು ಮುಂದಿಟ್ಟುಕೊಂಡು ಸಂಗ್ರಾಹಕರಿಂದಲೇ ಮಾತನಾಡಿಸಬೇಕು. ವಯಸ್ಸಾದವರಿಗೆ ಬರೆಯುವುದು ಕಷ್ಟವಾದರೆ ಮನೆಯವರು ಒಂದೊಂದು ನಕ್ಷೆಯನ್ನು ಎದುರಿಗೆ ಹರಡಿ ‘ಅಪ್ಪಾ, ಇದು ಎಲ್ಲಿ ಸಿಕ್ಕಿತು, ಯಾಕೆ ತಗೊಂಡಿರಿ’ ಎಂದು ಕೇಳಿ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಬಹುದು. ಧ್ವನಿಯ ಆರಂಭದಲ್ಲಿ ಪಟ್ಟಿಯ ಕ್ರಮಸಂಖ್ಯೆಯನ್ನು ಹೇಳುವುದು ಮಾತ್ರ ಮರೆಯಬಾರದು. ಎಲ್ಲದಕ್ಕೂ ಟಿಪ್ಪಣಿ ಬೇಕಿಲ್ಲ, ಸಂಗ್ರಹದ ತೂಕವೆಲ್ಲ ನಿಂತಿರುವ ಕೆಲವು ವಸ್ತುಗಳನ್ನು ಆರಿಸಿಕೊಂಡರೆ ಸಾಕು. ಯಾವ ವಸ್ತು ಯಾವುದಕ್ಕೆ ಸಂಬಂಧಿಸಿದ್ದು ಎಂಬುದನ್ನು ವಿಶೇಷವಾಗಿ ಕೇಳಬೇಕು.

ನಕ್ಷೆ ಮತ್ತು ರಾಜಕೀಯ ದಾಖಲೆ ಎರಡೂ ಇರುವ ಸಂಗ್ರಹದಲ್ಲಿ ಈ ಕೊಂಡಿಗಳೇ ಮುಖ್ಯ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ತನ್ನ ಸೀಮೆಯ ಸುಮಾರು ಅರ್ಧವನ್ನು ಬಿಟ್ಟುಕೊಡಬೇಕಾಯಿತು. ಆ ಸೀಮೆಗಳು ಕಂಪನಿ, ಮರಾಠರು ಮತ್ತು ನಿಜಾಮನ ನಡುವೆ ಹಂಚಿಹೋದವು. ಒಪ್ಪಂದದ ಪಠ್ಯದಲ್ಲಿ ಅವು ತಾಲ್ಲೂಕುಗಳ ಹೆಸರು ಮತ್ತು ಆದಾಯದ ಅಂಕಿಗಳಾಗಿ ಬರುತ್ತವೆ. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಅಚ್ಚಾದ ದಕ್ಷಿಣ ಭಾರತದ ನಕ್ಷೆಗಳಲ್ಲಿ ಅವೇ ಸೀಮೆಗಳು ಬಣ್ಣದ ಗಡಿಗಳಾಗಿ ಕಾಣುತ್ತವೆ. ಪಠ್ಯವಿಲ್ಲದೆ ಗಡಿಯ ಕಾರಣ ತಿಳಿಯುವುದಿಲ್ಲ, ನಕ್ಷೆಯಿಲ್ಲದೆ ಪಠ್ಯದ ಪಟ್ಟಿ ಕಣ್ಣಿಗೆ ಕಟ್ಟುವುದಿಲ್ಲ. ಸಂಸ್ಥೆಗೆ ಹೋದ ಮೇಲೆ ನಕ್ಷೆಗಳು ದೊಡ್ಡ ಚಪ್ಪಟೆ ಖಾನೆಗೂ ಕಾಗದಗಳು ಪೆಟ್ಟಿಗೆಗೂ ಹೋಗುವುದು ಅನಿವಾರ್ಯ, ಏಕೆಂದರೆ ಅವುಗಳ ಅಳತೆಯೇ ಬೇರೆ. ಹಾಗಾಗಿ ‘ಸಂಖ್ಯೆ 41ರ ನಕ್ಷೆಯನ್ನು ಸಂಖ್ಯೆ 112ರ ಕಡತದೊಂದಿಗೆ ಓದಬೇಕು’ ಎಂಬಂಥ ಒಂದು ಸಾಲನ್ನು ಪಟ್ಟಿಯಲ್ಲಿ ನೀವೇ ಬರೆದು ಕೊಡದಿದ್ದರೆ ಆ ಸಂಬಂಧ ಕಡಿದುಹೋಗುತ್ತದೆ.

ಕೊಡುವವರೆಗಿನ ಆರೈಕೆ

ದಾನಕ್ಕೆ ಮುನ್ನ ರಿಪೇರಿ ಮಾಡಿಸಿ ಕೊಡುವ ಉತ್ಸಾಹ ಬೇಡ. ಹರಿದಲ್ಲಿ ಸೆಲ್ಲೋ ಟೇಪು ಹಚ್ಚುವುದು, ಮೈದಾ ಅಂಟಿನಲ್ಲಿ ರಟ್ಟಿಗೆ ಅಂಟಿಸುವುದು, ಬೀದಿಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸುವುದು ಇವು ಮೂರೂ ಗೆದ್ದಲಿಗಿಂತ ಹೆಚ್ಚು ನಕ್ಷೆಗಳನ್ನು ಹಾಳುಮಾಡಿವೆ ಎಂದರೆ ಅತಿಶಯೋಕ್ತಿಯಾಗಲಾರದು. ಬಿಸಿಗೆ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಕಾಗದದಿಂದ ಬಿಡಿಸುವುದು ನುರಿತವರಿಗೂ ಕಷ್ಟ.

ಕೈಯಿಂದ ಬಣ್ಣ ಹಾಕಿದ ಹಳೆಯ ನಕ್ಷೆಯೊಂದನ್ನು ಬೆಳಕಿಗೆ ಹಿಡಿಯುವ ಮುನ್ನ ತಿರುಗಿಸಿ ಹಿಂಬದಿ ನೋಡಿ. ಗಡಿಯನ್ನು ಹಸಿರಿನಲ್ಲಿ ಎಳೆದ ಕಡೆಗಳಲ್ಲಿ ಮಾತ್ರ ಹಿಂದೆ ಕಂದು ಬಣ್ಣದ ಗೆರೆ ಮೂಡಿರುತ್ತದೆ, ಹಳದಿ ಮತ್ತು ಗುಲಾಬಿ ಗಡಿಗಳ ಹಿಂದೆ ಕಾಗದ ಬೆಳ್ಳಗೇ ಇರುತ್ತದೆ. ಆ ಕಾಲದ ಹಸಿರನ್ನು ತಾಮ್ರದ ಕಿಲುಬಿನಿಂದ ತಯಾರಿಸುತ್ತಿದ್ದರು, ಅದು ವರ್ಷಾನುಗಟ್ಟಲೆ ಕಾಗದವನ್ನು ಒಳಗಿನಿಂದ ತಿನ್ನುತ್ತ ಹೋಗುತ್ತದೆ. ಮಡಿಚಿದರೆ ಸರಿಯಾಗಿ ಆ ಗೆರೆಯ ಉದ್ದಕ್ಕೇ ನಕ್ಷೆ ಬಿರಿಯುತ್ತದೆ, ಸೀಮೆಯೊಂದು ತನ್ನ ಗಡಿಯಲ್ಲೇ ಕಳಚಿಕೊಂಡು ಬೀಳುತ್ತದೆ. ಇಂಥ ನಕ್ಷೆಯನ್ನು ಎತ್ತುವಾಗ ಕೆಳಗೆ ಒಂದು ದೊಡ್ಡ ರಟ್ಟು ಕೊಟ್ಟು ಎರಡೂ ಕೈಗಳಿಂದ ಎತ್ತಬೇಕು, ಪಟ್ಟಿಯ ಸ್ಥಿತಿಯ ಕಲಮಿನಲ್ಲಿ ಹಸಿರಿನ ವಿಷಯ ಬರೆಯಬೇಕು.

ಸುರುಳಿಯಾಗಿಯೇ ದಶಕಗಳ ಕಾಲ ಇದ್ದ ನಕ್ಷೆಯನ್ನು ಒತ್ತಾಯದಿಂದ ಬಿಡಿಸಬೇಡಿ, ಸುರುಳಿಯಾಗಿಯೇ ಇರಲಿ. ಚೌಕಚೌಕವಾಗಿ ಕತ್ತರಿಸಿ ಬಟ್ಟೆಗೆ ಅಂಟಿಸಿದ ನಕ್ಷೆ ಸಿಕ್ಕರೆ ಅದನ್ನು ಹಾಳಾದದ್ದೆಂದು ಎಣಿಸಬಾರದು. ಪ್ರಯಾಣದಲ್ಲಿ ಮಡಿಚಿ ಒಯ್ಯಲೆಂದೇ ಹಾಗೆ ಮಾಡುತ್ತಿದ್ದರು. ನೀಲಿ ಹಾಳೆಯ ಬ್ಲೂಪ್ರಿಂಟ್ ಮತ್ತು ಅಮೋನಿಯಾ ಹಬೆಯಲ್ಲಿ ಮೂಡಿಸಿದ ನಕಲುಗಳಾದ ಅಮೋನಿಯಾ ಪ್ರಿಂಟುಗಳನ್ನು ಉಳಿದವುಗಳಿಂದ ಬೇರೆ ಇಡಬೇಕು. ಎರಡೂ ಬೆಳಕಿಗೆ ಬೇಗ ಮಾಸುತ್ತವೆ, ಅಮೋನಿಯಾ ಪ್ರಿಂಟಿನ ರಾಸಾಯನಿಕ ಪಕ್ಕದ ಕಾಗದಕ್ಕೂ ಹತ್ತುತ್ತದೆ. ಮೂಲಕ್ರಮ ಕೆಡಬಾರದೆಂದು ಮೇಲೆ ಹೇಳಿದ್ದಕ್ಕೆ ಇದೊಂದು ವಿನಾಯಿತಿ, ತೆಗೆದ ಜಾಗದಲ್ಲಿ ಒಂದು ಚೀಟಿ ಇಟ್ಟರೆ ಸಾಕು.

ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲ ಮುಗಿಯುವ ತನಕ ಸಾಗಾಟಕ್ಕೆ ಕೈ ಹಾಕದಿರುವುದು ಲೇಸು. ಬೂಷ್ಟು ಹಿಡಿದ ಕಟ್ಟನ್ನು ಬೇರೆ ಕೋಣೆಗೆ ಸಾಗಿಸಿ, ಒದ್ದೆ ಬಟ್ಟೆಯಿಂದ ಒರೆಸದೆ, ಬಿಸಿಲಿಗೂ ಹರವದೆ, ಗಾಳಿಯಾಡುವ ನೆರಳಿನಲ್ಲಿಟ್ಟು ಸಂರಕ್ಷಕರನ್ನು ಕೇಳಿ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನೊಂದಿಗೆ ಸೇರಿ ಇಂಟ್ಯಾಕ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆ ನಡೆಸುವ ಸಂರಕ್ಷಣಾ ಕೇಂದ್ರ ಕಲಾಕೃತಿಗಳ ಸಂರಕ್ಷಣೆಯಲ್ಲಿ ಪಳಗಿದ್ದು.

ಕಾನೂನಿನ ನಾಲ್ಕು ಮಾತು

1972ರ ಪುರಾವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ವೈಜ್ಞಾನಿಕ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳಿಗೆ ಎಪ್ಪತ್ತೈದು ವರ್ಷ ತುಂಬಿದ್ದರೆ ಅವು ಪುರಾವಸ್ತುಗಳು. ಅವನ್ನು ಖಾಸಗಿಯವರು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ವಿದೇಶದಲ್ಲಿ ನೆಲೆಸಿದ ಮಗ ಅಥವಾ ಮಗಳು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಕೊಡುವ ಯೋಚನೆ ಮಾಡಿದ್ದರೆ ಮೊದಲು ಇದನ್ನು ತಿಳಿದಿರಬೇಕು. ಚಿತ್ರಗಳಿರುವ ಹಸ್ತಪ್ರತಿಗಳಂಥ ಕೆಲವು ಬಗೆಯ ವಸ್ತುಗಳಿಗೆ ನೋಂದಣಿಯೂ ಬೇಕು, ನೋಂದಣಿಯಾದ ವಸ್ತುವಿನ ಒಡೆತನ ಬದಲಾದರೆ ನೋಂದಣಿ ಅಧಿಕಾರಿಗೆ ತಿಳಿಸಬೇಕು.

ಕೃತಿಸ್ವಾಮ್ಯದ ವಿಷಯದಲ್ಲಿ ದೊಡ್ಡ ಗೊಂದಲವಿದೆ. ಒಂದು ಪತ್ರದ ಕಾಗದ ನಿಮ್ಮದಾಗಿದ್ದರೂ ಅದರಲ್ಲಿನ ಬರಹದ ಹಕ್ಕು ಬರೆದವರದು, ಅವರ ನಂತರ ಅವರ ವಾರಸುದಾರರದು. ನಮ್ಮ ದೇಶದಲ್ಲಿ ಪ್ರಕಟಿತ ಕೃತಿಯ ಹಕ್ಕು ಸಾಮಾನ್ಯವಾಗಿ ಲೇಖಕರು ತೀರಿಕೊಂಡ ನಂತರದ ಅರುವತ್ತು ವರ್ಷ, ಸರ್ಕಾರಿ ಪ್ರಕಟಣೆಯದಾದರೆ ಪ್ರಕಟವಾದ ನಂತರದ ಅರುವತ್ತು ವರ್ಷ ಇರುತ್ತದೆ. ಆದ್ದರಿಂದ ನಿಮ್ಮಲ್ಲಿರುವ ಹಕ್ಕನ್ನು ಮಾತ್ರ ದಾನಪತ್ರದಲ್ಲಿ ವರ್ಗಾಯಿಸಬಹುದು, ಇಲ್ಲದ ಹಕ್ಕನ್ನು ವರ್ಗಾಯಿಸುವಂತೆ ಬರೆದುಕೊಡಬಾರದು. ಇನ್ನು ದಾನಿಗಳಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ ಹಣದ ರೂಪದ ದಾನಕ್ಕೆ ಮಾತ್ರ, ವಸ್ತುರೂಪದ ದಾನಕ್ಕಿಲ್ಲ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳಲ್ಲಿ ‘ನಿರ್ಬಂಧಿತ’ ಎಂಬ ಇಂಗ್ಲಿಷ್ ಮುದ್ರೆ ಇದ್ದರೆ ಪಟ್ಟಿಯಲ್ಲಿ ಗುರುತು ಮಾಡಿ. ನಕ್ಷೆಗಳ ನಿಯಮಗಳು 2021ರ ಫೆಬ್ರವರಿಯಲ್ಲಿ ಬಹಳಷ್ಟು ಸಡಿಲವಾಗಿವೆಯಾದರೂ ಅಂತರ್ಜಾಲಕ್ಕೆ ಹಾಕುವ ತೀರ್ಮಾನವನ್ನು ಸಂಸ್ಥೆಗೆ ಬಿಡುವುದು ಕ್ಷೇಮ.

ಯಾರಿಗೆ ಕೊಡುವುದು

ದೊಡ್ಡ ಹೆಸರಿನ ಸಂಸ್ಥೆಗಿಂತ ನಿಮ್ಮ ಸಂಗ್ರಹದ ಪಕ್ಕದಲ್ಲಿ ಕೂರುವಂಥ ವಸ್ತುಗಳು ಈಗಾಗಲೇ ಇರುವ ಸಂಸ್ಥೆಯೇ ಮೇಲು. ಮೈಸೂರು ಸಂಸ್ಥಾನ ಮತ್ತು ಏಕೀಕರಣಕ್ಕೆ ಸಂಬಂಧಿಸಿದವಕ್ಕೆ ಬೆಂಗಳೂರಿನ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರವೂ, 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯೂ ಸಹಜ ನೆಲೆಗಳು. ಮುಂಬಯಿ ಕರ್ನಾಟಕದವಕ್ಕೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯನ್ನು ವಿಚಾರಿಸಬಹುದು. ರಾಷ್ಟ್ರಮಟ್ಟದ ರಾಜಕಾರಣಿಯ ಖಾಸಗಿ ಪತ್ರಗಳಾದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಅಥವಾ ಹಿಂದೆ ನೆಹರು ಸ್ಮಾರಕ ಗ್ರಂಥಾಲಯವಾಗಿದ್ದ ಈಗಿನ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯವಿದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯು ಖಾಸಗಿಯವರಿಂದ ದಾಖಲೆಗಳನ್ನು ದಾನವಾಗಿ ಪಡೆಯುವ ಅಧಿಕಾರವನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ಕೊಟ್ಟಿದೆ.

ಹೋಗಿ ನೋಡದೆ ಒಪ್ಪಬೇಡಿ. ನಕ್ಷೆಗಳನ್ನು ಮಡಿಚದೆ ಇಡುವ ಚಪ್ಪಟೆ ಖಾನೆಗಳಿವೆಯೇ, ಕಳೆದ ಐದು ವರ್ಷದಲ್ಲಿ ಬಂದ ದಾನಗಳ ಪಟ್ಟಿ ಓದುಗರಿಗೆ ಸಿಗುತ್ತದೆಯೇ, ಸಂಗ್ರಹವನ್ನು ಇಡಿಯಾಗಿ ಸಂಗ್ರಾಹಕರ ಹೆಸರಿನಲ್ಲಿ ಇಡುತ್ತಾರೆಯೇ, ತಮಗೆ ಬೇಡವಾದ ಎರಡನೆಯ ಪ್ರತಿಗಳನ್ನು ಏನು ಮಾಡುತ್ತಾರೆ ಎಂದು ನೇರವಾಗಿ ಕೇಳಿ. ಒಬ್ಬ ಸಾಮಾನ್ಯ ಓದುಗನಾಗಿ ಹೋಗಿ ಒಂದು ಹಳೆಯ ದಾಖಲೆಯನ್ನು ಕೇಳಿ ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಅದು ಕೈಗೆ ಬರಲು ಹಿಡಿಯುವ ಸಮಯದಿಂದಲೇ ನಿಮ್ಮ ಸಂಗ್ರಹದ ಮುಂದಿನ ಗತಿ ಅಂದಾಜಾಗುತ್ತದೆ.

ಸಂಗ್ರಹ ಇಡಿಯಾಗಿ ಉಳಿಯಬೇಕೆಂಬ ಹಟವನ್ನು ಬಿಡಬೇಡಿ. ತಮಿಳುನಾಡಿನ ಕೋಟ್ಟೈಯೂರಿನಲ್ಲಿ ರೋಜಾ ಮುತ್ತಯ್ಯ ಕೂಡಿಸಿದ್ದ ಪುಸ್ತಕ, ಪತ್ರಿಕೆ, ಕರಪತ್ರಗಳನ್ನು ಅವರು 1992ರಲ್ಲಿ ತೀರಿಕೊಂಡ ನಂತರ ಷಿಕಾಗೋ ವಿಶ್ವವಿದ್ಯಾಲಯ ಕೊಂಡುಕೊಂಡಿತು. ಆದರೆ ಅದನ್ನು ಅಮೆರಿಕಕ್ಕೆ ಸಾಗಿಸಲಿಲ್ಲ, 1994ರಲ್ಲಿ ಚೆನ್ನೈಯಲ್ಲೇ ಅವರ ಹೆಸರಿನ ಗ್ರಂಥಾಲಯವಾಯಿತು. ಅದು ದಾನವಲ್ಲ, ಮಾರಾಟ. ಆದರೂ ಸಂಗ್ರಹ ಒಡೆಯದೆ ತನ್ನ ನಾಡಿನಲ್ಲೇ ಉಳಿಯುವ ಏರ್ಪಾಡು ಸಾಧ್ಯವೆಂದು ತೋರಿಸಿಕೊಟ್ಟಿದೆ.

ಕೊಡುವ ಮುನ್ನವೇ ಚಿತ್ರಗಳನ್ನು ತೆಗೆಸಿಟ್ಟುಕೊಳ್ಳುವುದೂ ಜಾಣತನ. ಅಮೆರಿಕದ ಡೇವಿಡ್ ರಮ್ಸಿ ಒಂದೂವರೆ ಲಕ್ಷಕ್ಕೂ ಹೆಚ್ಚಿನ ತಮ್ಮ ನಕ್ಷೆಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಕೊಡುವುದಾಗಿ ತಿಳಿಸಿದ್ದು 2009ರಲ್ಲಿ, ಅಲ್ಲಿನ ನಕ್ಷಾ ಕೇಂದ್ರ ತೆರೆದದ್ದು 2016ರ ಏಪ್ರಿಲ್‌ನಲ್ಲಿ. ಆದರೆ ಅವರು 2000ದಿಂದಲೇ ನಕ್ಷೆಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿ ತೆರೆದಿಟ್ಟಿದ್ದರು. ಹೀಗಾಗಿ ಸಂಸ್ಥೆಯ ಕಟ್ಟಡ ಸಿದ್ಧವಾಗುವವರೆಗೆ ಓದುಗರು ಕಾಯಬೇಕಾಗಿ ಬರಲಿಲ್ಲ. ಮನೆಮಟ್ಟದಲ್ಲಿ ಮಾಡುವವರು ನಕ್ಷೆಯನ್ನು ಉರುಳೆಗಳ ನಡುವೆ ಎಳೆದುಕೊಳ್ಳುವ ಸ್ಕ್ಯಾನರಿಗೆ ಹಾಕದೆ, ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಲಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಕಳವಾದಾಗ ಒಡೆತನ ಸಾಬೀತು ಮಾಡಲು ಇದೇ ಚಿತ್ರ ಬೇಕಾಗುತ್ತದೆ.

ದಾನಪತ್ರ ಮತ್ತು ಒಪ್ಪಿಸುವಿಕೆ

ಚರ ವಸ್ತುವಿನ ದಾನಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯವಲ್ಲ, ವಸ್ತುವನ್ನು ಒಪ್ಪಿಸಿದರೂ ಸಾಕು. ಹಾಗೆಂದು ಬಾಯಿಮಾತಿನಲ್ಲಿ ಮುಗಿಸಬಾರದು. ದಾನಿ ಬದುಕಿರುವಾಗಲೇ ಸಂಸ್ಥೆ ಅದನ್ನು ಸ್ವೀಕರಿಸಿರಬೇಕು, ಆದ್ದರಿಂದ ಸ್ವೀಕೃತಿಯ ಪತ್ರ ಮುಖ್ಯ. ಸಂಗ್ರಾಹಕರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಎಲ್ಲ ವಾರಸುದಾರರ ಸಹಿ ಬೇಕು. ಒಬ್ಬ ಮಗ ಕೊಟ್ಟು ಇನ್ನೊಬ್ಬಳು ಮಗಳು ವಾಪಸು ಕೇಳುವ ಪರಿಸ್ಥಿತಿಗೆ ಯಾವ ಸಂಸ್ಥೆಯೂ ಸಿಕ್ಕಿಕೊಳ್ಳಲು ಬಯಸುವುದಿಲ್ಲ.

ದಾನಪತ್ರಕ್ಕೆ ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಿ ಪುಟಪುಟಕ್ಕೂ ಎರಡೂ ಕಡೆಯವರು ಸಹಿ ಮಾಡಬೇಕು. ಸಂಗ್ರಹದ ಹೆಸರು, ಇಡಿಯಾಗಿ ಇಡುವ ಒಪ್ಪಿಗೆ, ಚಿತ್ರಗಳನ್ನು ಯಾರು ಹೇಗೆ ಬಳಸಬಹುದು, ಸಂಸ್ಥೆಗೆ ಬೇಡವಾದದ್ದನ್ನು ಮೊದಲು ಕುಟುಂಬಕ್ಕೆ ತಿಳಿಸಬೇಕೆಂಬುದು, ಇವು ಅದರಲ್ಲಿರಲಿ. ಬದುಕಿರುವವರ ಖಾಸಗಿ ಸಂಗತಿಗಳಿರುವ ರಾಜಕೀಯ ಪತ್ರಗಳಿದ್ದರೆ ಅವನ್ನು ಹರಿದುಹಾಕಬೇಡಿ, ಪ್ರತ್ಯೇಕ ಲಕೋಟೆಯಲ್ಲಿಟ್ಟು ಇಂಥ ವರ್ಷದವರೆಗೆ ತೆರೆಯಬಾರದೆಂದು ಷರತ್ತು ಹಾಕಿ. ‘ಎಂದೆಂದಿಗೂ ತೆರೆಯಬಾರದು’ ಎಂಬ ಷರತ್ತನ್ನು ಒಳ್ಳೆಯ ಸಂಸ್ಥೆಗಳು ಒಪ್ಪುವುದಿಲ್ಲ, ಒಪ್ಪಲೂಬಾರದು. ಷರತ್ತುಗಳು ಹೆಚ್ಚಾದಷ್ಟೂ ಬಳಕೆ ಕಡಿಮೆಯಾಗುತ್ತದೆ ಎಂಬುದನ್ನು ನೆನಪಿಟ್ಟು ನಿಜಕ್ಕೂ ಬೇಕಾದ ಎರಡು ಮೂರಕ್ಕೆ ನಿಲ್ಲಿಸಿ.

ಸಾಗಿಸುವ ದಿನ ನಕ್ಷೆಗಳು ಎರಡು ದಪ್ಪ ರಟ್ಟುಗಳ ನಡುವೆ ಚಪ್ಪಟೆಯಾಗಿ ಹೋಗಲಿ, ಸುರುಳಿಗಳು ಅಗಲವಾದ ಕೊಳವೆಯ ಹೊರಮೈಗೆ ಸುತ್ತಿಕೊಂಡು ಹೋಗಲಿ, ಒಳಗೆ ತುರುಕಬೇಡಿ. ಪೆಟ್ಟಿಗೆ ಇಳಿಸಿದ ಮೇಲೆ ಪಟ್ಟಿಯೊಂದಿಗೆ ತಾಳೆ ನೋಡಿ, ಪ್ರತಿ ಪೆಟ್ಟಿಗೆಗೂ ರಸೀದಿ ಪಡೆಯಿರಿ. ಸಂಸ್ಥೆ ಕೊಡುವ ದಾಖಲಾತಿ ಸಂಖ್ಯೆಗಳನ್ನು ನಿಮ್ಮ ಪಟ್ಟಿಯಲ್ಲಿ ಹೊಸ ಕಲಮಾಗಿ ಸೇರಿಸಿ, ಟಿಪ್ಪಣಿ ಮತ್ತು ಧ್ವನಿಮುದ್ರಣಗಳಿಗೂ ದಾಖಲಾತಿ ಸಂಖ್ಯೆ ಕೊಡಲು ಕೇಳಿ. ಸಂಖ್ಯೆ ಸಿಗದ ವಸ್ತು ಸೂಚಿಯಲ್ಲಿ ಸೇರುವುದಿಲ್ಲ, ಓದುಗರಿಗೂ ಸಿಗುವುದಿಲ್ಲ. ಒಂದು ವರ್ಷದ ನಂತರ ಓದುಗರ ಚೀಟಿ ಬರೆದುಕೊಟ್ಟು ಪಟ್ಟಿಯಿಂದ ಯಾವುದಾದರೂ ಒಂದು ನಕ್ಷೆಯನ್ನೂ ಅದರ ಜೊತೆಗಿನ ಕಡತವನ್ನೂ ತರಿಸಿ ನೋಡಿ, ಎರಡೂ ಒಟ್ಟಿಗೆ ಬಾರದಿದ್ದರೆ ಪತ್ರಾಗಾರದ ಅಧಿಕಾರಿಗೆ ಬರಹದಲ್ಲಿ ತಿಳಿಸಿ, ನಿಮ್ಮ ಪಟ್ಟಿಯ ಇನ್ನೊಂದು ಪ್ರತಿಯನ್ನು ಅದಕ್ಕೆ ಲಗತ್ತಿಸಿ.